ಮಿಸ್ಟ್ರಾಲೋ, ಹುವಾನ್ ಕಾರ್ಲೋಸೋ?

ಬಂದರಿಲ್ಲದ ತೀರದಲ್ಲೂ ಸೈನಿಕರನ್ನು, ಟ್ಯಾಂಕ್‌ಗಳನ್ನು ಇಳಿಸಬಲ್ಲ ಹಡಗು ಬೇಕೆಂದು ಭಾರತೀಯ ನೌಕಾಪಡೆ 2013ರಲ್ಲಿ ಟೆಂಡರ್ ಕರೆಯಿತು. ನಾಲ್ಕು ಹಡಗುಗಳ ಆ ಟೆಂಡರ್ 2020ರಲ್ಲಿ ರದ್ದಾಯಿತು. ಮತ್ತೆ ಆರಿಸುವುದಾದರೆ ಯಾವುದು?

ಫ್ರಾನ್ಸಿನ ಮಿಸ್ಟ್ರಾಲ್ 199 ಮೀಟರ್ ಉದ್ದ, ಸುಮಾರು 21,000 ಟನ್. 450 ಸೈನಿಕರು, 16 ಭಾರಿ ಹೆಲಿಕಾಪ್ಟರ್‌ಗಳು, ಜೊತೆಗೆ 69 ಹಾಸಿಗೆಯ ಆಸ್ಪತ್ರೆ. ಚಂಡಮಾರುತ, ಸುನಾಮಿಯ ಪರಿಹಾರಕ್ಕೆ ಇಷ್ಟು ಧಾರಾಳ ಸಾಕು.

ಸ್ಪೇನಿನ ಹುವಾನ್ ಕಾರ್ಲೋಸ್ 231 ಮೀಟರ್; ಸುಮಾರು 900 ಸೈನಿಕರನ್ನು ಒಯ್ಯುತ್ತದೆ. ಮೂತಿಯಲ್ಲಿ ಜೆಟ್ ಹಾರಿಸುವ ಏರುದಾರಿ ಬೇರೆ. ನೋಡಲು ಗತ್ತೇನೋ ಸರಿ, ಆದರೆ ನೆಟ್ಟಗೆ ಇಳಿಯಬಲ್ಲ ಜೆಟ್ ಇಲ್ಲದವರಿಗೆ ಅದು ಬರೀ ಅಲಂಕಾರ. ಹಾಗೆ ಇಳಿಯುತ್ತಿದ್ದ ನಮ್ಮ ಸೀ ಹ್ಯಾರಿಯರ್ ಜೆಟ್‌ಗಳು 2016ರಲ್ಲೇ ನಿವೃತ್ತವಾದವು. ಇದೇ ವಿನ್ಯಾಸದಲ್ಲಿ ಅನಾಡೊಲು ಎಂಬ ಹಡಗು ಕಟ್ಟಿಸಿದ ಟರ್ಕಿಗೂ ಅಂಥದೇ ಅಮೆರಿಕದ ಎಫ್-35 ಜೆಟ್ ಸಿಗಲಿಲ್ಲ, ಡ್ರೋನ್‌ಗಳತ್ತ ಹೊರಳಿತು.

ಆದರೂ ನನ್ನ ಮತ ಸ್ಪೇನಿನದಕ್ಕೇ, ಏರುದಾರಿ ಬಿಟ್ಟು. ಕಾರಣ, ಅನಾಡೊಲು ಟರ್ಕಿಯ ಸ್ವಂತ ಹಡಗುಕಟ್ಟೆಯಲ್ಲೇ ತಯಾರಾಯಿತು. ಫ್ರಾನ್ಸ್ ರಷ್ಯಾಕ್ಕೆಂದು ಕಟ್ಟಿದ ಎರಡು ಮಿಸ್ಟ್ರಾಲ್‌ಗಳು ಮಾತ್ರ, ಯುಕ್ರೇನಿನ ಕ್ರೈಮಿಯಾವನ್ನು ರಷ್ಯಾ ಕಸಿದುಕೊಂಡ ನಂತರ ಒಪ್ಪಂದ ಮುರಿದು, 2016ರಲ್ಲಿ ಈಜಿಪ್ಟಿನ ಪಾಲಾದವು. ಇಲ್ಲೇ ಕಟ್ಟಿಸದಿದ್ದರೆ ಆ ಗತಿ ಯಾರಿಗೂ ಬರಬಹುದು.