ಕಂಕುಳ ಕುರುಗೆ ಸ್ಕಿನ್ ಅಲ್ಟ್ರಾಸೌಂಡ್ ಮಾಡಿಸ್ದೆ, ನನ್ ರಿವ್ಯೂ

ರೇಟಿಂಗ್: 5ಕ್ಕೆ 4

ಎಚ್‌ಎಸ್ ಇರೋರು ದಯವಿಟ್ಟು ಪೂರ್ತಿ ಓದಿ. ಹಿಡ್ರಾಡಿನೈಟಿಸ್ ಸಪ್ಪುರೇಟಿವಾ, ಕಂಕುಳಲ್ಲಿ ತೊಡೆಸಂದಲ್ಲಿ ಪದೇ ಪದೇ ಕುರು ಎದ್ದು ಒಡೆದು ಕೀವು ಸೋರಿ ಕಲೆ ಬಿಟ್ಟು ಹೋಗುತ್ತಲ್ಲ, ಅದೇ. ನಮ್ ಕಡೆ ಎಲ್ರೂ ಉಷ್ಣ ಅಂತ ಹೇಳಿ ಎಳನೀರು ಕುಡಿ ಅಂತಾರೆ. ಉಷ್ಣಾನೂ ಅಲ್ಲ, ಗಲೀಜಿಂದ ಬರೋದೂ ಅಲ್ಲ, ಅಂಟೋದಂತೂ ಅಲ್ವೇ ಅಲ್ಲ. ಕೂದಲಿನ ಬುಡ ಮುಚ್ಕೊಂಡು ಚರ್ಮದೊಳಗೇ ಒಡೆದು ಉರಿಯೂತ ಆಗೋದು.

ನಮ್ ಸ್ಕಿನ್ ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟಾಗ ಚರ್ಮಕ್ಕೆ ಯಾಕೆ ಸ್ಕ್ಯಾನು, ಕಣ್ಣಿಗೇ ಕಾಣ್ತಿದೆಯಲ್ಲ ಅಂತ ಮನೇಲಿ ಕೇಳಿದ್ರು. ಆದ್ರೆ ಕಣ್ಣಿಗೆ ಕಾಣೋದು ಸ್ವಲ್ಪಾನೇ. ನನಗೆ ಮೇಲೆ ಎರಡು ತೂತು ಅಷ್ಟೇ ಇದ್ದಿದ್ದು, ಸ್ಕ್ರೀನಲ್ಲಿ ನೋಡಿದ್ರೆ ಒಳಗೆ ಹುತ್ತದ ತರ ದಾರಿ ದಾರಿ, ಎರಡೂ ಒಂದಕ್ಕೊಂದು ಸೇರ್ಕೊಂಡಿವೆ, ಏನೂ ನೋವಿಲ್ಲದ ಜಾಗದ ಕೆಳಗೂ ಹೋಗಿದೆ. ಡಾಕ್ಟರ್‌ಗಳು ಸಾಮಾನ್ಯವಾಗಿ ಕಾಯಿಲೆ ಎಷ್ಟು ಜೋರಿದೆ ಅನ್ನೋಕೆ ಹರ್ಲಿ ಸ್ಟೇಜ್ ಅಂತ 1, 2, 3 ಹೇಳ್ತಾರೆ, ಅದು 1989ರದ್ದು, ನೋಡಿ ಮುಟ್ಟಿ ಹೇಳೋದು. ಸ್ಕ್ಯಾನ್ ಆದ್ಮೇಲೆ ಸ್ಟೇಜ್ ಮೇಲಕ್ಕೆ ಹೋಗೋದು ಅಪರೂಪ ಏನಲ್ಲ ಅಂದ್ರು, ನಂದೂ ಹಾಗೇ ಆಯ್ತು. ಅಲ್ಟ್ರಾಸೌಂಡಿಗೇ ಅಂತ ಬೇರೆ ಸ್ಟೇಜಿಂಗೂ ಇದೆ, ಚಿಲಿ ದೇಶದ ರೇಡಿಯಾಲಜಿಸ್ಟ್ ಹಿಮೇನಾ ವರ್ಟ್ಸ್‌ಮನ್ ತಂಡ 2013ರಲ್ಲಿ ಮಾಡಿದ್ದು.

ಈಗ ಸೆಂಟರ್ ವಿಷಯ. ಮೊದ್ಲು ಮನೆ ಹತ್ರ ಇರೋ ಕಡೆ ಹೋಗಿದ್ದೆ, ಹೊಟ್ಟೆ ಸ್ಕ್ಯಾನ್ ಮಾಡೋ ಪ್ರೋಬ್ ಇಟ್ಟು ಒತ್ತಿ ಒತ್ತಿ ನೋಡಿ ಕಲೆಕ್ಷನ್ (ಒಳಗೆ ಕೀವೋ ನೀರೋ ತುಂಬಿದೆ) ಅಂತ ಒಂದು ಲೈನ್ ರಿಪೋರ್ಟ್ ಕೊಟ್ರು, ಡಾಕ್ಟರ್‌ಗೆ ಏನೂ ಉಪಯೋಗ ಆಗ್ಲಿಲ್ಲ. ಆಮೇಲೆ ನಮ್ ಡಾಕ್ಟರೇ ಹೇಳಿದ ಜಯನಗರದ ಸೆಂಟರಿಗೆ ಹೋದೆ. ಇಲ್ಲಿ ಹೈ ಫ್ರೀಕ್ವೆನ್ಸಿ ಲೀನಿಯರ್ ಪ್ರೋಬ್ ಇದೆ, ಚರ್ಮಕ್ಕೆ 15 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಜಾಸ್ತಿ ಬೇಕಂತೆ, ಫೋನಲ್ಲೇ ಕೇಳ್ಕೊಂಡು ಹೋಗಿ. ರೇಡಿಯಾಲಜಿಸ್ಟ್ ಮೇಡಂ ಜೆಲ್ ದಪ್ಪಗೆ ಹಾಕಿ ಒತ್ತದೇ ನಿಧಾನಕ್ಕೆ ನೋಡಿದ್ರು, ಒತ್ತಿದ್ರೆ ಸಣ್ಣ ರಕ್ತನಾಳ ಅಮುಕಿಹೋಗಿ ಡಾಪ್ಲರಲ್ಲಿ (ರಕ್ತದ ಓಡಾಟ ತೋರಿಸೋ ಅಲ್ಟ್ರಾಸೌಂಡ್) ಕಾಣಲ್ವಂತೆ. ಆ ಡಾಪ್ಲರ್ ಮುಖ್ಯ, ಯಾಕಂದ್ರೆ ಎಲ್ಲಿ ರಕ್ತ ಓಡಾಟ ಜಾಸ್ತಿಯೋ ಅಲ್ಲಿ ಉರಿಯೂತ ಇನ್ನೂ ಜೋರಿದೆ, ಎಲ್ಲಿ ಬರೀ ಹಳೇ ಕಲೆ ಅಂತ ಅದ್ರಲ್ಲಿ ಗೊತ್ತಾಗುತ್ತೆ, ಔಷಧಿ ಸಾಕಾ ಆಪರೇಷನ್ ಬೇಕಾ ಅಂತ ತೀರ್ಮಾನ ಮಾಡೋಕೆ ಡಾಕ್ಟರ್‌ಗೆ ಇದೇ ಬೇಕಿತ್ತು. ರೇಡಿಯೇಶನ್ ಇಲ್ಲ, ಸೂಜಿ ಇಲ್ಲ, ಸೋರ್ತಿದ್ದ ಜಾಗಕ್ಕೆ ಪ್ರೋಬಿಗೆ ಕವರ್ ಹಾಕಿದ್ರು.

ನನಗೆ ತುಂಬಾ ಇಷ್ಟ ಆಗಿದ್ದು ಅವರ ನಡತೆ. ಈ ಕಾಯಿಲೆಲಿ ವಾಸನೆ ಇರುತ್ತೆ, ಬಟ್ಟೆ ತೆಗಿಯೋಕೇ ಅಳು ಬರುತ್ತೆ, ಅವ್ರು ಒಂದು ಸಲಾನೂ ಮುಖ ಸಿಂಡರಿಸಲಿಲ್ಲ, ಪರದೆ ಎಳೆದು ಎಷ್ಟು ಬೇಕೋ ಅಷ್ಟೇ ತೆಗೆಸಿದ್ರು, ಸ್ಕ್ರೀನ್ ನನ್ ಕಡೆ ತಿರುಗಿಸಿ ಇದು ದಾರಿ, ಇದು ಕೀವು ಅಂತ ತೋರಿಸಿದ್ರು. ಅಷ್ಟು ವರ್ಷದ ನೋವು ನನ್ ಕಲ್ಪನೆ ಅಲ್ಲ ಅಂತ ಅವತ್ತು ಅನ್ನಿಸ್ತು.

ಒಂದು ಸ್ಟಾರ್ ಕಮ್ಮಿ ಯಾಕಂದ್ರೆ ಕಾಯೋದು ಜಾಸ್ತಿ, ಗರ್ಭಿಣಿಯರ ಕ್ಯೂನಲ್ಲೇ ಕೂರಿಸ್ತಾರೆ, ಎದುರಿಗೆ ಲಿಂಗ ಪತ್ತೆ ಮಾಡಲ್ಲ ಅನ್ನೋ ಬೋರ್ಡು. ಸ್ಕಿನ್ ಕ್ಲಿನಿಕ್ಕಲ್ಲೇ ಇದನ್ನ ಮಾಡಬಹುದಿತ್ತು, ಆದ್ರೆ ಪಿಸಿಪಿಎನ್‌ಡಿಟಿ ಅಂತ ಭ್ರೂಣದ ಲಿಂಗ ಪತ್ತೆ ತಡೆಯೋ ಕಾಯ್ದೆ ಪ್ರಕಾರ ಅಲ್ಟ್ರಾಸೌಂಡ್ ಮಷಿನ್ ಇಡೋಕೆ ರಿಜಿಸ್ಟ್ರೇಶನ್ ಬೇಕು, ಅದಕ್ಕೇ ನಾವು ಅಲ್ಲಿಂದ ಇಲ್ಲಿಗೆ ಓಡಾಡ್ಬೇಕು.

ಹೋಗೋರು ಸಡಿಲ ಕಾಟನ್ ಬಟ್ಟೆ ಹಾಕ್ಕೊಂಡು ಹೋಗಿ, ಎರಡೂ ಕಂಕುಳು, ತೊಡೆಸಂದು ಎಲ್ಲಾ ನೋಡಿ ಅಂತ ಚೀಟೀಲಿ ಬರೆಸ್ಕೊಳ್ಳಿ, ಫೋಟೋಗಳನ್ನೂ ಕೇಳಿ ತಗೊಳ್ಳಿ. ಆಪರೇಷನ್ ಇದ್ರೆ ಮುಂಚೆ ಸ್ಕ್ಯಾನ್ ನೋಡ್ಕೊಂಡೇ ಚರ್ಮದ ಮೇಲೆ ಪೆನ್ನಲ್ಲಿ ಗುರುತು ಹಾಕೋಕೆ ಹೇಳಿ, ಒಳಗಿನ ದಾರಿ ಒಂದು ಉಳಿದ್ರೂ ಅಲ್ಲೇ ಮತ್ತೆ ಏಳಬಹುದು.