ಮಹತ್ವಾಕಾಂಕ್ಷೆಯ ಏಣಿ: ಒಂದೇ ಚಿತ್ರಕ್ಕೆ ಮೂರು ದಾರಿ

ಹಲವು ಫೋಟೋಗಳ ತುಂಡು ಸೇರಿಸಿ ಮಹತ್ವಾಕಾಂಕ್ಷೆಯನ್ನು ತೋರಿಸುವ ಒಂದು ಚಿತ್ರ ಮಾಡಬೇಕಿತ್ತು. ಕಲ್ಪನೆ ಇಷ್ಟೇ. ಮೋಡಗಳ ಮೇಲೆ ಚಾಚಿದ ಒಂದು ಏಣಿ. ಅದರ ಮೇಲೊಬ್ಬ ಮನುಷ್ಯ. ಹತ್ತಿದ ಮೆಟ್ಟಿಲನ್ನೇ ಕಿತ್ತು ಮೇಲೆ ಜೋಡಿಸುತ್ತಾ ಇನ್ನೂ ಹತ್ತುತ್ತಿದ್ದಾನೆ. ಎತ್ತರ ಸಿಗುತ್ತಿದೆ, ಇಳಿಯುವ ದಾರಿ ಇಲ್ಲವಾಗುತ್ತಿದೆ. ಇದನ್ನು ಮೂರು ರೀತಿಯಲ್ಲಿ ಮಾಡಿ ನೋಡಿದೆ: ಸ್ಟಾಕ್ ಫೋಟೋ (ಸಂಗ್ರಹಗಳಲ್ಲಿ ಸಿದ್ಧವಾಗಿ ಸಿಗುವ ಚಿತ್ರ) ಜೋಡಿಸಿ, ಎಐಗೆ ಹೇಳಿ ಮಾಡಿಸಿ, ಬೇಕಾದ ಭಾಗಗಳನ್ನು ನಾನೇ ಶೂಟ್ ಮಾಡಿ.

ಸ್ಟಾಕ್ ಫೋಟೋದಲ್ಲಿ ಆಕಾಶ ಚೆನ್ನಾಗಿ ಸಿಗುತ್ತದೆ. ವಿಮಾನದ ಕಿಟಕಿಯಿಂದ ತೆಗೆದ ಮೋಡಗಳ ಚಿತ್ರ ಬೇಕಾದಷ್ಟಿವೆ. ತೊಂದರೆ ಇರುವುದು ಮನುಷ್ಯನಲ್ಲಿ. ಬೆಳಕು ಎಡದಿಂದ ಬಿದ್ದಿದ್ದರೆ ಚಿತ್ರವನ್ನು ತಿರುಗಿಸಬಹುದು. ಆದರೆ ಸೂರ್ಯ ಎಷ್ಟು ಎತ್ತರದಲ್ಲಿದ್ದ, ನೆರಳಿನ ಅಂಚು ಮೃದುವೋ ಚೂಪೋ ಎನ್ನುವುದು ತಿರುಗಿಸಿದರೂ ಬದಲಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು, ನಾನು ನೋಡಿದ ಏಣಿ ಹತ್ತುವ ಚಿತ್ರಗಳಲ್ಲಿ ಹೆಚ್ಚಿನವು ಕೆಳಗಿನಿಂದ ತೆಗೆದವು. ಕೆಳಗಿನಿಂದ ನೋಡಿದರೆ ಅವನು ವೀರನಂತೆ ಕಾಣುತ್ತಾನೆ. ಮೇಲಿನಿಂದ ನೋಡಿದರೆ ಮಾತ್ರ ಖಾಲಿಯಾದ ಮೆಟ್ಟಿಲು, ಅದರಾಚೆಯ ಆಳ ಕಾಣುತ್ತದೆ. ಆಸೆಯನ್ನು ತೋರಿಸುತ್ತೀರೋ ಅಪಾಯವನ್ನೋ ಎಂಬುದು ಕ್ಯಾಮೆರಾ ಎಲ್ಲಿದೆ ಎಂಬುದರ ಮೇಲೇ ನಿಂತಿದೆ.

ಎಐ ಮೊದಲ ಹಂತಕ್ಕೆ ಒಳ್ಳೆಯದು. ಯಾವ ಕೋನ, ಎಷ್ಟು ಮೋಡ, ಮನುಷ್ಯ ಎಷ್ಟು ಚಿಕ್ಕವನಾಗಿರಬೇಕು ಅಂತ ಬೇಗ ನೋಡಿಕೊಳ್ಳಬಹುದು. ಫೋಟೋಶಾಪ್‌ಗೆ 2023ರಲ್ಲಿ ಬಂದ ಜನರೇಟಿವ್ ಫಿಲ್ (ಖಾಲಿ ಜಾಗವನ್ನು ಎಐನಿಂದ ತುಂಬಿಸುವ ಸಾಧನ) ಆಕಾಶದ ಅಂಚನ್ನು ಬೆಳೆಸಲು ಸಾಕಷ್ಟು ನೆರವಾಯಿತು. ಆದರೆ ಈ ಚಿತ್ರದ ಜೀವ ಇರುವುದು ಇಲ್ಲದ ಮೆಟ್ಟಿಲುಗಳಲ್ಲಿ. ಬೇಡ ಎಂದರೂ ಎಐ ಅವನ್ನು ಅಂದವಾಗಿ ತುಂಬಿಸಿ ಕೊಡುತ್ತಿತ್ತು. ಸ್ಪರ್ಧೆಗೆ ಕಳಿಸುವವರು ನಿಯಮವನ್ನು ಮೊದಲೇ ಓದಿಕೊಳ್ಳಿ, ಎಐ ಭಾಗಗಳನ್ನು ಒಪ್ಪದ ಕಡೆಗಳು ಇವೆ.

ಮೂರನೆಯದು ನಿಧಾನ, ಆದರೆ ನನ್ನ ಮನಸ್ಸು ನಿಂತಿದ್ದು ಇದರಲ್ಲೇ. ದಾರಿಯೇನೂ ಹೊಸದಲ್ಲ. ಬದುಕಿನ ಎರಡು ದಾರಿಗಳ ನಡುವಿನ ಆಯ್ಕೆಯನ್ನು ತೋರಿಸಲು ಛಾಯಾಗ್ರಾಹಕ ಆಸ್ಕರ್ ರೈಲಾಂಡರ್ 1857ರಲ್ಲೇ 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದ್ದರು. ವಿಚಾರ ಮೊದಲು, ಆಮೇಲೆ ಅದಕ್ಕೆ ತಕ್ಕ ತುಂಡುಗಳು.

ಆಕಾಶವನ್ನು ಮೊದಲು ಆರಿಸಿ. ಅದರಲ್ಲಿ ಬೆಳಕು ಯಾವ ಕಡೆಯಿಂದ, ಎಷ್ಟು ಎತ್ತರದಿಂದ ಬರುತ್ತದೆ ನೋಡಿ, ಮನುಷ್ಯನಿಗೂ ಹಾಗೇ ಬೆಳಕು ಕೊಡಿ. ಅವನು ನೆಲದಿಂದ ಎರಡಡಿ ಮೇಲಿದ್ದರೆ ಸಾಕು, ಏಣಿಯನ್ನು ಇನ್ನೊಬ್ಬರು ಹಿಡಿದಿರಲಿ. ಕ್ಯಾಮೆರಾವನ್ನು ಬಾಲ್ಕನಿಯಂಥ ಎತ್ತರದಲ್ಲಿ ಟ್ರೈಪಾಡ್ ಮೇಲೆ ಕೂರಿಸಿ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) ಬದಲಾಗಬಾರದು, ಕ್ಯಾಮೆರಾ ಹಿಡಿದ ಮಾಹಿತಿಯನ್ನು ಹಾಗೇ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಕ್ಯಾಮೆರಾ ಅಲುಗಾಡದಂತೆ ಬರೀ ಏಣಿಯ ಒಂದು ಫ್ರೇಮ್ ಇಟ್ಟುಕೊಂಡರೆ ಹಿಡಿದವರ ಕೈಯನ್ನು ಆಮೇಲೆ ಬೇಡದ ಭಾಗ ಮರೆಮಾಡುವ ಮಾಸ್ಕ್‌ನಲ್ಲಿ ಅಳಿಸಬಹುದು. ಹಿಂದೆ ಹೇಗೂ ಮೋಡ ಬರುವುದರಿಂದ ಮೆಟ್ಟಿಲನ್ನು ಅಳಿಸುವುದು ಇನ್ನೂ ಸುಲಭ.

ಇದರಲ್ಲಿ ಸಿಗುವುದು ಮೈಯ ಭಾರ. ಮೆಟ್ಟಿಲಿಗೆ ಒತ್ತಿ ಬಾಗಿದ ಪಾದ, ಬಿಗಿಯಾದ ಮುಂಗೈ, ಕಂಕುಳಲ್ಲಿ ಸಿಕ್ಕಿಸಿಕೊಂಡ ಮರದ ತುಂಡು. ಬೀಳುವ ಭಯ ನೋಡುವವರಿಗೆ ತಟ್ಟುವುದು ಇವುಗಳಿಂದಲೇ.

ಜೋಡಿಸುವಾಗ ದೂರದ ಮೋಡದ ಕಪ್ಪು ಭಾಗವನ್ನು ಗಮನಿಸಿ. ಅದು ಪೂರ್ತಿ ಕಪ್ಪಲ್ಲ, ಮಂಜು ಹಿಡಿದ ನೀಲಿ. ಹತ್ತಿರದ ಬಟ್ಟೆಯ ಕಪ್ಪು ಮಾತ್ರ ಗಾಢವಾಗಿರಲಿ. ನೆರಳಿಗೆ ಮಲ್ಟಿಪ್ಲೈ ಲೇಯರ್ (ಕೆಳಗಿನ ಚಿತ್ರವನ್ನು ಗಾಢ ಮಾಡುವ ಪದರ) ಹಾಕಿ. ಮೇಲೊಂದು ಕಪ್ಪು ಬಿಳುಪು ಲೇಯರ್ ಇಟ್ಟು ನೋಡಿದರೆ ಬೆಳಕು ಎಲ್ಲಿ ಹೊಂದಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಕೊನೆಗೆ ಇಡೀ ಚಿತ್ರಕ್ಕೆ ಒಂದೇ ಗ್ರೇನ್ (ಸಣ್ಣ ಕಣಗಳ ತರಿ).

ಹಾಗಾಗಿ ನನ್ನ ಆಯ್ಕೆ: ಮನುಷ್ಯ ಮತ್ತು ಏಣಿ ನಮ್ಮದೇ, ಅದೂ ಒಟ್ಟಿಗೇ ತೆಗೆದದ್ದು. ಆಕಾಶ ಸ್ಟಾಕ್‌ನದ್ದಾದರೂ ಪರವಾಗಿಲ್ಲ. ಎಐ ಕರಡು ಚಿತ್ರಕ್ಕೆ ಮಾತ್ರ. ಸಮಯ ತೀರಾ ಕಡಿಮೆ ಇದ್ದರೆ, ಹಿಂದಿನಿಂದ ಬೆಳಕು ಬಿದ್ದು ಆಕಾರ ಮಾತ್ರ ಕಪ್ಪಗೆ ಕಾಣುವ ಸ್ಟಾಕ್ ಚಿತ್ರ ಹುಡುಕಿ. ಬೆಳಕು ಹೊಂದಿಸುವ ಕೆಲಸ ಅಲ್ಲಿ ಬಹಳ ಕಡಿಮೆ.