ಸಂಜೆ ನಾಲ್ಕೂವರೆಯ ಪಿಗ್ಮಿ: 11 ವರ್ಷ ಕಟ್ಟಿದ ಮೇಲೆ ಬರೆಯುತ್ತಿದ್ದೇನೆ

ಸಂಜೆ ನಾಲ್ಕೂವರೆ ಆಗುತ್ತಿದ್ದಂತೆ ನಮ್ಮ ಬೀದಿಯಲ್ಲಿ ಟಿವಿಎಸ್ ಗಾಡಿಯ ಶಬ್ದ ಕೇಳುತ್ತದೆ. ಮೊದಲು ಹೂವಿನ ಅಂಗಡಿ, ಆಮೇಲೆ ಮಂಡಕ್ಕಿ ಮಿರ್ಚಿ ಗಾಡಿ, ಆಮೇಲೆ ನನ್ನ ಟೈಲರಿಂಗ್ ಅಂಗಡಿ. ಪಿಗ್ಮಿ ಅಂದರೆ ದಿನಾ ಸ್ವಲ್ಪ ಸ್ವಲ್ಪ ಬ್ಯಾಂಕಿಗೆ ಕಟ್ಟುವ ಉಳಿತಾಯ. ಆ ದುಡ್ಡು ತಗೊಂಡು ಹೋಗಲು ಬರುವ ಪಿಗ್ಮಿ ಅಣ್ಣ ಬಾಗಿಲಲ್ಲೇ ನಿಂತು "ಅಕ್ಕಾ, ಇವತ್ತೆಷ್ಟು?" ಅಂತ ಕೇಳುತ್ತಾರೆ. ನಾನು ಕತ್ತರಿ ಕೆಳಗಿಟ್ಟು ಗಲ್ಲಾದಿಂದ 200 ರೂಪಾಯಿ ತೆಗೆದು ಕೊಡುತ್ತೇನೆ. ಅವರು ಅಂಗೈ ಅಗಲದ ಮೆಷಿನ್ನಿನಲ್ಲಿ ಒತ್ತುತ್ತಾರೆ. ಸಣ್ಣ ಚೀಟಿ ಬರುತ್ತದೆ, ಮೊಬೈಲಿಗೆ ಮೆಸೇಜೂ ಬರುತ್ತದೆ. ಎಲ್ಲಾ ಸೇರಿ ಒಂದು ನಿಮಿಷದ ಕೆಲಸ.

ನಮ್ಮದು ದಾವಣಗೆರೆ. ನಾನು ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕಿ ಪಿಕೋ ಮಾಡುತ್ತೇನೆ. ಯಜಮಾನರು ಆಟೋ ಓಡಿಸುತ್ತಾರೆ. ಮಗಳಿಗೆ 10 ವರ್ಷ. ಇಬ್ಬರದ್ದೂ ದಿನದ ದುಡಿಮೆ. ತಿಂಗಳ ಮೊದಲ ತಾರೀಕು ಸಂಬಳ ಬರುವ ಮನೆಯಲ್ಲ. ಉಳಿತಾಯದ ಬಗ್ಗೆ ಯಾರೇ ಹೇಳಿದರೂ "ಸಂಬಳದಲ್ಲಿ ಇಷ್ಟು ಭಾಗ ತೆಗೆದಿಡಿ" ಅಂತ ಶುರು ಮಾಡುತ್ತಾರೆ. ನಮ್ಮಂಥವರಿಗೆ ಆ ಲೆಕ್ಕ ಕೂಡುವುದಿಲ್ಲ. ಅದಕ್ಕೇ ಪಿಗ್ಮಿ ಬಗ್ಗೆ ಬರೆಯಬೇಕು ಅನ್ನಿಸಿತು. ನಾನು ಕಟ್ಟುವುದು ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ. 2015ರ ಯುಗಾದಿಗೆ ಶುರು ಮಾಡಿದ್ದು. ವರ್ಷಕ್ಕೊಮ್ಮೆ ಯುಗಾದಿ ಹೊತ್ತಿಗೆ ಖಾತೆ ಮುಗಿಯುತ್ತದೆ, ಮತ್ತೆ ಹೊಸದು ತೆರೆಯುತ್ತೇನೆ.

ಪಿಗ್ಮಿ ನಮ್ಮ ಕರ್ನಾಟಕದಲ್ಲೇ ಹುಟ್ಟಿದ್ದು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕ್ ಕಟ್ಟಿದರು. ಕೈಮಗ್ಗ ಸೊರಗಿ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಅವರಿಗೆ ನೆರವಾಗಲಿ ಅಂತಲೇ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ 2 ಆಣೆ ಕೊಟ್ಟರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬಂದು ತಗೊಂಡು ಹೋಗುತ್ತಿದ್ದರು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನ ಜೊತೆ ಸೇರಿಹೋಯಿತು. ಪಿಗ್ಮಿ ಅನ್ನುವ ಹೆಸರು ಮಾತ್ರ ಎಲ್ಲಾ ಊರಲ್ಲೂ ಉಳಿದಿದೆ. ನೇಯುವವರಿಗಾಗಿ ಹುಟ್ಟಿದ ಬ್ಯಾಂಕಿನಿಂದ ಬಂದದ್ದು ಹೊಲಿಯುವ ನನಗೂ ಆಗಿಬಂತು ಅಂತ ಖುಷಿಯಾಗುತ್ತದೆ.

ಈಗ ಬಡ್ಡಿಯ ಮಾತು. ಎಲ್ಲರೂ ಮೊದಲು ಕೇಳುವುದೇ ಅದನ್ನ. ಬಡ್ಡಿ ಕಡಿಮೆ. ನನ್ನ ಬ್ಯಾಂಕಿನಲ್ಲಿ ವರ್ಷ ತುಂಬಿದರೆ ನೂರಕ್ಕೆ 3. ಆರು ತಿಂಗಳೊಳಗೆ ಮುರಿಸಿದರೆ ಬಡ್ಡಿಯೇ ಇಲ್ಲ, ಮೇಲೆ ನೂರಕ್ಕೆ 3 ಹಿಡಿದುಕೊಂಡು ಕೊಡುತ್ತಾರೆ. ಯಾಕೆ ಇಷ್ಟು ಕಡಿಮೆ ಅಂದರೆ, ದಿನಾ ಬಿಸಿಲಲ್ಲಿ ಸುತ್ತುವ ಪಿಗ್ಮಿ ಅಣ್ಣನಿಗೆ ಬ್ಯಾಂಕು ಕಮಿಷನ್ ಕೊಡಬೇಕು. ಅದು ನಮ್ಮ ಬಡ್ಡಿಯಿಂದಲೇ ಹೋಗುತ್ತದೆ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ದಿನಕ್ಕೆ 200, ಭಾನುವಾರ ಬಿಟ್ಟು ತಿಂಗಳಿಗೆ 26 ದಿನ, ಅಂದರೆ 5,200. ವರ್ಷಕ್ಕೆ 62,400. ಇದಕ್ಕೆ ಸಿಗುವ ಬಡ್ಡಿ 900ರಿಂದ 1,000 ರೂಪಾಯಿ. ಅದೇ 5,200ನ್ನು ತಿಂಗಳಿಗೊಮ್ಮೆ ಅಂಚೆ ಕಚೇರಿ ಆರ್‌ಡಿ (ತಿಂಗಳಿಗೆ ಇಷ್ಟು ಅಂತ ಕಟ್ಟುವ ಠೇವಣಿ) ದರದಲ್ಲಿ, ಅಂದರೆ ನೂರಕ್ಕೆ 6.7ರಲ್ಲಿ ಕಟ್ಟಿದ್ದರೆ ವರ್ಷದ ಬಡ್ಡಿ 2,200 ದಾಟುತ್ತಿತ್ತು. ವ್ಯತ್ಯಾಸ ಸುಮಾರು 1,300. ಪಿಗ್ಮಿ ಅಣ್ಣ ವರ್ಷಕ್ಕೆ 312 ಸಲ ನನ್ನ ಅಂಗಡಿಗೆ ಬರುತ್ತಾರೆ. ಒಂದು ಸಲಕ್ಕೆ 4 ರೂಪಾಯಿ ಚಿಲ್ಲರೆ ಆಯಿತು. ಒಂದು ಟೀ ದುಡ್ಡೂ ಅಲ್ಲ ಅದು. ಅವರು ಬರದಿದ್ದರೆ ತಿಂಗಳ ಕೊನೆಗೆ ನನ್ನ ಗಲ್ಲಾದಲ್ಲಿ 5,200 ಒಟ್ಟಿಗೆ ಇರುತ್ತಿತ್ತಾ? ಖಂಡಿತ ಇರುತ್ತಿರಲಿಲ್ಲ. ಪಿಗ್ಮಿಗಿಂತ ಮುಂಚೆ ನಾಲ್ಕು ವರ್ಷ ಅಂಗಡಿ ನಡೆಸಿದ್ದೆ, ಒಂದು ತಿಂಗಳೂ ಇರಲಿಲ್ಲ.

ನಮ್ಮ ಕಸುಬಿನಲ್ಲಿ ದುಡ್ಡು ಹೇಗೆ ಬರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಆಷಾಢದಲ್ಲಿ ಮದುವೆ ಇಲ್ಲ, ಬ್ಲೌಸ್ ಇಲ್ಲ. ಮೆಷಿನ್ನಿಗೆ ಎಣ್ಣೆ ಹಾಕಿಕೊಂಡು ಕೂರುವ ತಿಂಗಳು. ಶ್ರಾವಣ ಬಂತು ಅಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ರಾತ್ರಿ ಹನ್ನೆರಡರವರೆಗೂ ಹೊಲಿಯಬೇಕು. ಪಿತೃಪಕ್ಷದಲ್ಲಿ ಮತ್ತೆ ತಣ್ಣಗೆ. ದಸರಾ, ದೀಪಾವಳಿಗೆ ಮತ್ತೆ ಜೋರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಕೆಲಸವೂ ಜಾಸ್ತಿ, ಖರ್ಚೂ ಜಾಸ್ತಿ. ಮನೆ ತುಂಬಾ ನೆಂಟರು. ಹೀಗೆ ಏರಿಳಿತ ಇರುವಾಗ ತಿಂಗಳ ಬಜೆಟ್ ಬರೆದರೆ ಹಾಳೆಯಲ್ಲೇ ಉಳಿಯುತ್ತದೆ. ದಿನಕ್ಕೆ 200 ಅನ್ನುವುದು ಮಾತ್ರ ನಡೆಯುತ್ತದೆ. ಆಷಾಢದಲ್ಲಿ ಆಗದಿದ್ದರೆ 50 ಕೊಡುತ್ತೇನೆ, ಶ್ರಾವಣದಲ್ಲಿ 500 ಕೊಟ್ಟು ಸರಿ ಮಾಡುತ್ತೇನೆ. ಇಷ್ಟೇ ಕೊಡಬೇಕು ಅಂತ ನನ್ನ ಬ್ಯಾಂಕಿನಲ್ಲಿ ಒತ್ತಾಯ ಇಲ್ಲ. ಆರ್‌ಡಿಯಲ್ಲಿ ಈ ಸಡಿಲ ಇಲ್ಲ. ಅಂಚೆ ಆರ್‌ಡಿಯಲ್ಲಿ ಒಂದು ಕಂತು ತಪ್ಪಿದರೆ ನೂರಕ್ಕೆ 1 ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದರೆ ಖಾತೆಯೇ ನಿಲ್ಲುತ್ತದೆ.

ಇತ್ತೀಚೆಗೆ ಒಂದು ಬದಲಾವಣೆ ಆಗಿದೆ. ಗಿರಾಕಿಗಳು ಅರ್ಧಕ್ಕರ್ಧ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಅದು ಸೀದಾ ಬ್ಯಾಂಕಿಗೆ ಹೋಗುತ್ತದೆ, ಗಲ್ಲಾಕ್ಕೆ ಬರುವುದಿಲ್ಲ. ಮೊದಮೊದಲು ಪಿಗ್ಮಿ ಅಣ್ಣ ಬಂದಾಗ ಕೈಯಲ್ಲಿ ನಗದೇ ಇರುತ್ತಿರಲಿಲ್ಲ. ಆಮೇಲೆ ನಾನೇ ಒಂದು ಕಟ್ಟುಪಾಡು ಮಾಡಿಕೊಂಡೆ. ಫೋನಿಗೆ ಬಂದ ದುಡ್ಡು ಅಂಗಡಿ ಬಾಡಿಗೆಗೆ, ಕರೆಂಟಿಗೆ, ಲೈನಿಂಗ್ ಬಟ್ಟೆಗೆ, ದಾರಕ್ಕೆ. ನಗದಾಗಿ ಬಂದದ್ದರಲ್ಲಿ ಮೊದಲು ಪಿಗ್ಮಿ, ಉಳಿದದ್ದು ಮನೆಗೆ. ನನ್ನ ಬಜೆಟ್ ಅಂದರೆ ಇಷ್ಟೇ. ಎರಡು ಸಾಲಿನ ಲೆಕ್ಕ, ಆದರೆ ಮೂರು ವರ್ಷದಿಂದ ತಪ್ಪಿಲ್ಲ.

ಪಿಗ್ಮಿಯ ಬೆಲೆ ನನಗೆ ಪೂರ್ತಿ ಗೊತ್ತಾದದ್ದು 2020ರಲ್ಲಿ. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ಅದೇ ದಿನ ದೇಶಕ್ಕೆಲ್ಲಾ ಲಾಕ್‌ಡೌನ್ ಶುರುವಾಯಿತು. ಅಂಗಡಿಗೆ ಬೀಗ, ಆಟೋ ಮನೆ ಮುಂದೆ. ಏಪ್ರಿಲ್, ಮೇ ಮದುವೆ ಬ್ಲೌಸುಗಳಿಗೆ ಕೊಟ್ಟಿದ್ದ ಅಡ್ವಾನ್ಸನ್ನೂ ಕೆಲವರು ವಾಪಸ್ ಕೇಳಿದರು. ಆಗ ನಾನು ದಿನಕ್ಕೆ 150 ಕಟ್ಟುತ್ತಿದ್ದೆ. ಖಾತೆ ಅದೇ ವಾರ ತುಂಬಿತ್ತು. 46,800 ಮತ್ತು ಅದರ ಬಡ್ಡಿ. ಏಪ್ರಿಲ್ ಮೊದಲ ವಾರ ಮಾಸ್ಕ್ ಹಾಕಿಕೊಂಡು ನಡೆದೇ ಹೋಗಿ ತಂದೆ. ಅಕ್ಕಿ, ಬೇಳೆ, ಅತ್ತೆಯ ಬಿಪಿ ಮಾತ್ರೆ, ಗ್ಯಾಸು, ಬಾಡಿಗೆ. ಮೂರು ತಿಂಗಳು ಯಾರ ಮುಂದೆಯೂ ಕೈ ಚಾಚಲಿಲ್ಲ. ಪಕ್ಕದ ಓಣಿಯಲ್ಲಿ ಮೀಟರ್ ಬಡ್ಡಿಗೆ ಸಾಲ ಎತ್ತಿದವರು ಇನ್ನೂ ತೀರಿಸುತ್ತಿದ್ದಾರೆ.

ಹಾಗಂತ ಕಣ್ಣು ಮುಚ್ಚಿ ಕಟ್ಟಬೇಡಿ. ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಈ ಬ್ಯಾಂಕಿಗೆ ಬರುವ ಮುಂಚೆ ಎಂಟು ತಿಂಗಳು ಒಂದು ಸಣ್ಣ ಸೊಸೈಟಿಯಲ್ಲಿ ಕಟ್ಟುತ್ತಿದ್ದೆ. ಆಗ ಮೆಷಿನ್ ಇರಲಿಲ್ಲ, ಹಳದಿ ಕಾರ್ಡಿನಲ್ಲಿ ಪೆನ್ನಿನಿಂದ ಬರೆಯುತ್ತಿದ್ದರು. ಒಂದು ದಿನ ಕಚೇರಿಗೆ ಹೋಗಿ ನೋಡಿದರೆ ಕಾರ್ಡಿನಲ್ಲಿ ಇದ್ದದ್ದಕ್ಕೂ ಅವರ ಪುಸ್ತಕದಲ್ಲಿ ಇದ್ದದ್ದಕ್ಕೂ 4,300 ರೂಪಾಯಿ ವ್ಯತ್ಯಾಸ. ಬರುತ್ತಿದ್ದ ಹುಡುಗ ಊರು ಬಿಟ್ಟಿದ್ದ. ಆರು ಸಲ ಓಡಾಡಿದೆ, ಅರ್ಧ ಮಾತ್ರ ಬಂತು. ಹಾಗಾಗಿ ಈಗ ಚೀಟಿ ಬರದಿದ್ದರೆ ದುಡ್ಡು ಕೊಡುವುದಿಲ್ಲ. ಮೆಸೇಜಿನಲ್ಲಿ ಒಟ್ಟು ಎಷ್ಟಾಗಿದೆ ಅಂತ ನೋಡುತ್ತೇನೆ. ಮೂರು ತಿಂಗಳಿಗೊಮ್ಮೆ ನಾನೇ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸುತ್ತೇನೆ. ಪಿಗ್ಮಿ ಅಣ್ಣ ಬೇಜಾರು ಮಾಡಿಕೊಳ್ಳುವುದಿಲ್ಲ. ಒಳ್ಳೆಯವರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ನೀವು ಕಟ್ಟುತ್ತಿರುವುದು ಬ್ಯಾಂಕಾ, ಸೊಸೈಟಿಯಾ? ಬೋರ್ಡಿನಲ್ಲಿ ದೊಡ್ಡದಾಗಿ "ಸಹಕಾರಿ" ಅಂತ ಇರುತ್ತದೆ, ಎರಡೂ ಒಂದೇ ಅನ್ನಿಸುತ್ತದೆ. ಒಂದೇ ಅಲ್ಲ. ಬ್ಯಾಂಕಾಗಿದ್ದರೆ, ಸಹಕಾರಿ ಬ್ಯಾಂಕಾದರೂ ಸರಿ, ನಿಮ್ಮ ಠೇವಣಿಗೆ ರಿಸರ್ವ್ ಬ್ಯಾಂಕಿನ ಕೆಳಗಿರುವ ಡಿಐಸಿಜಿಸಿಯ ವಿಮೆ ಇರುತ್ತದೆ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಸಿಗುತ್ತದೆ. 2020ರ ಫೆಬ್ರುವರಿವರೆಗೆ ಇದು 1 ಲಕ್ಷ ಮಾತ್ರ ಇತ್ತು. ಅದರ ಪ್ರೀಮಿಯಂ ಬ್ಯಾಂಕೇ ಕಟ್ಟುತ್ತದೆ, ನಾವಲ್ಲ. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಅಲ್ಲಿ ಅರ್ಧ, ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ ಸಿಕ್ಕರೂ ನನಗೆ ಬೇಡ. ಸೊಸೈಟಿಗಳೆಲ್ಲಾ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಆದರೆ ವರ್ಷವಿಡೀ ಸೂಜಿ ಚುಚ್ಚಿಸಿಕೊಂಡು ದುಡಿದ ದುಡ್ಡು ಅದು. ಕೌಂಟರಿನಲ್ಲಿ "ಡಿಐಸಿಜಿಸಿ ಇದೆಯಾ?" ಅಂತ ನೇರವಾಗಿ ಕೇಳಿ.

ಖಾತೆ ತುಂಬಿದ ದಿನ ದುಡ್ಡನ್ನು ಉಳಿತಾಯ ಖಾತೆಯಲ್ಲಿ ಸುಮ್ನೆ ಬಿಡಬಾರದು. ಹಬ್ಬ ಎದುರಿಗೇ ಇರುತ್ತದೆ, ಕರಗಿಹೋಗುತ್ತದೆ. ನಾನು ಅದೇ ವಾರ ಮೂರು ಕಡೆ ಕಳಿಸುತ್ತೇನೆ. ಜೂನ್‌ನಲ್ಲಿ ಮಗಳ ಶಾಲೆ ಫೀಸು, ಪುಸ್ತಕ, ಯೂನಿಫಾರ್ಮಿಗೆ 22,000. ಹೆಣ್ಣುಮಕ್ಕಳ ಹೆಸರಲ್ಲಿ ಕಟ್ಟುವ ಸರ್ಕಾರದ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿಗೆ 20,000. ಉಳಿದದ್ದು ಕೈಗೆ ಬೇಕಾದಾಗ ಸಿಗುವ ಹಾಗೆ ಒಂದು ವರ್ಷದ ಎಫ್‌ಡಿಗೆ. ಸುಕನ್ಯಾ ಖಾತೆಯನ್ನು ಅವಳಿಗೆ 2 ವರ್ಷ ಇದ್ದಾಗ ಅಂಚೆ ಕಚೇರಿಯಲ್ಲಿ ತೆರೆದಿದ್ದೆ. ಮಗುವಿಗೆ 10 ತುಂಬುವ ಮುಂಚೆ ತೆರೆಯಬೇಕು, 15 ವರ್ಷ ಕಟ್ಟಬೇಕು, ತೆರೆದ 21 ವರ್ಷಕ್ಕೆ ಪೂರ್ತಿ ಬರುತ್ತದೆ. ವರ್ಷಕ್ಕೆ 250 ಕಟ್ಟಿದರೂ ಖಾತೆ ನಡೆಯುತ್ತದೆ. 2024ರ ಜನವರಿಯಿಂದ ಬಡ್ಡಿ 8.2. ಪಿಗ್ಮಿಯಲ್ಲಿ ಕಳಕೊಂಡ ಬಡ್ಡಿಯನ್ನು ನಾನು ಇಲ್ಲಿ ತುಂಬಿಕೊಳ್ಳುತ್ತೇನೆ. ಒಂದು ಸಣ್ಣ ವಿಷಯ: ತಿಂಗಳ 5ನೇ ತಾರೀಕಿನೊಳಗೆ ಕಟ್ಟಿ, ಆ ತಿಂಗಳ ಬಡ್ಡಿ ಸಿಗುತ್ತದೆ.

ವಿಮೆಯಲ್ಲೂ ನನಗೆ ಒಂದು ಕಹಿ ಇದೆ. 2017ರಲ್ಲಿ ಬೇರೊಂದು ಬ್ಯಾಂಕಿಗೆ ಎಫ್‌ಡಿ ಮಾಡಿಸಲು ಹೋಗಿದ್ದೆ. "ಮೇಡಂ, ಇದೂ ಎಫ್‌ಡಿ ಥರಾನೇ, ಬಡ್ಡಿ ಜಾಸ್ತಿ" ಅಂತ ಒಂದು ಫಾರಂಗೆ ಸಹಿ ಹಾಕಿಸಿಕೊಂಡರು. ಮರುವರ್ಷ 25,000 ಕಟ್ಟಿ ಅಂತ ಫೋನ್ ಬಂದಾಗಲೇ ಅದು ವಿಮೆ ಪಾಲಿಸಿ ಅಂತ ಗೊತ್ತಾದದ್ದು. ಕಟ್ಟಲು ಆಗಲಿಲ್ಲ, ಮೊದಲ ಕಂತು ಹೋಯಿತು. ಅಷ್ಟು ದುಡ್ಡು ಕೂಡಿಸಲು ಆಗ ನನಗೆ ಹತ್ತು ತಿಂಗಳು ಬೇಕಾಗಿತ್ತು. ಈಗ ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡಬಹುದು. ದಯವಿಟ್ಟು ಆ ಕಾಗದವನ್ನು ಬೀರುವಿಗೆ ಇಡುವ ಮುಂಚೆ ಯಾರ ಹತ್ತಿರವಾದರೂ ಓದಿಸಿ.

ಈಗ ನಾವಿಬ್ಬರೂ ಪ್ರಧಾನ ಮಂತ್ರಿ ಜೀವನ್ ಜ್ಯೋತಿ, ಸುರಕ್ಷಾ ಬಿಮಾ ಎರಡೂ ಮಾಡಿಸಿದ್ದೇವೆ. ಒಂದಕ್ಕೆ ವರ್ಷಕ್ಕೆ 436, ಇನ್ನೊಂದಕ್ಕೆ 20. ಜೀವನ್ ಜ್ಯೋತಿಗೆ 18ರಿಂದ 50 ವರ್ಷದೊಳಗೆ ಸೇರಬೇಕು. ಯಾವ ಕಾರಣಕ್ಕೆ ಜೀವ ಹೋದರೂ ಮನೆಯವರಿಗೆ 2 ಲಕ್ಷ. ಹೊಸದಾಗಿ ಸೇರಿದ ಮೊದಲ 30 ದಿನ ಮಾತ್ರ ಅಪಘಾತಕ್ಕೆ ಬಿಟ್ಟು ಬೇರೆಯದಕ್ಕೆ ಸಿಗುವುದಿಲ್ಲ. ಸುರಕ್ಷಾ ಬಿಮಾ ಅಪಘಾತಕ್ಕೆ, 70 ವರ್ಷದವರೆಗೆ. ಇಬ್ಬರದ್ದೂ ಸೇರಿ ವರ್ಷಕ್ಕೆ 912 ರೂಪಾಯಿ. ಐದು ದಿನದ ಪಿಗ್ಮಿಯೂ ಬೇಡ. ಆಟೋ ಓಡಿಸುವವರ ಮನೆಯಲ್ಲಿ ರಾತ್ರಿ ಹತ್ತಾದರೂ ಗಾಡಿ ಶಬ್ದ ಕೇಳದಿದ್ದರೆ ಹೆಂಗಸರಿಗೆ ಏನಾಗುತ್ತದೆ ಅಂತ ನನಗೆ ಗೊತ್ತು. ಈ ವಿಮೆ ಜೂನ್ 1ರಿಂದ ಮೇ 31ರವರೆಗೆ. ದುಡ್ಡು ಮೇ ಕೊನೆಗೆ ಉಳಿತಾಯ ಖಾತೆಯಿಂದ ತಾನಾಗೇ ಕಟ್ಟಾಗುತ್ತದೆ. ಆ ಹೊತ್ತಿಗೆ ಖಾತೆ ಖಾಲಿ ಇದ್ದರೆ ವಿಮೆ ನಿಂತುಹೋಗುತ್ತದೆ. ಅದಕ್ಕೆ ಮೇ 15ಕ್ಕೇ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿರುತ್ತೇನೆ.

ನನ್ನ ನಾದಿನಿ ಶಾಲೆಯಲ್ಲಿ ಟೀಚರ್. ಅವಳೂ ಪಿಗ್ಮಿ ಮಾಡಿಸಲಾ ಅಂತ ಕೇಳಿದಳು. ಬೇಡ ಅಂದೆ. ತಿಂಗಳ ಸಂಬಳ ಬರುವವರಿಗೆ ಆರ್‌ಡಿಯೇ ಸರಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 1,000 ಕಟ್ಟಿದರೆ 5 ವರ್ಷಕ್ಕೆ ಕಟ್ಟಿದ್ದು 60,000, ಬರುವುದು 71,000ಕ್ಕೂ ಮೇಲೆ. ಬಾಗಿಲಿಗೆ ಬರುವವರು ಬೇಕಿಲ್ಲದಿದ್ದರೆ ಅದರ ಬೆಲೆ ಯಾಕೆ ಕೊಡಬೇಕು, ಅಲ್ವಾ? ತರಕಾರಿ ಮಾರುವವರು, ಹೂವು ಕಟ್ಟುವವರು, ಇಸ್ತ್ರಿ ಅಂಗಡಿ, ಟೀ ಅಂಗಡಿ, ಬ್ಯೂಟಿ ಪಾರ್ಲರ್, ಇಂಥವರಿಗೆ ಮಾತ್ರ ನಾನು ಮನಸಾರೆ ಪಿಗ್ಮಿ ಹೇಳುತ್ತೇನೆ.

ಈ ಯುಗಾದಿಗೆ ಹೊಸ ಖಾತೆ ತೆರೆಯುವಾಗ ದಿನದ ದುಡ್ಡನ್ನು 250 ಮಾಡಬೇಕು ಅಂತಿದ್ದೆ. ಯಜಮಾನರು ದಾರದ ರೇಟು ಏರಿದೆ, ಇನ್ನೊಂದು ವರ್ಷ 200ರಲ್ಲೇ ಇರಲಿ ಅಂದರು. ಸರಿ ಅಂದೆ. ಆದರೆ ನಾಮಿನಿ ಹೆಸರು ಬದಲಾಯಿಸಿ ಬಂದೆ. ಹನ್ನೊಂದು ವರ್ಷದಿಂದ ಪ್ರತಿ ಸಲವೂ ಅತ್ತೆಯ ಹೆಸರೇ ಹೋಗುತ್ತಿತ್ತು, ಅವರು ತೀರಿಕೊಂಡು ಎರಡು ವರ್ಷವಾಗಿದೆ. ಈಗ ಮಗಳ ಹೆಸರು ಹಾಕಿದ್ದೇನೆ, ಅವಳಿನ್ನೂ ಚಿಕ್ಕವಳಾದ್ದರಿಂದ ಅವರಪ್ಪನ ಹೆಸರನ್ನೂ ಬರೆಸಿಕೊಂಡರು. ಹತ್ತು ನಿಮಿಷದಲ್ಲಿ ಮುಗಿಯಿತು. ಸೀಲು ಹಾಕಿದ ಪ್ರತಿಯನ್ನು ಪಾಸ್‌ಬುಕ್ಕಿನ ಕವರಿನಲ್ಲೇ ಇಟ್ಟಿದ್ದೇನೆ.